ಎಲೆಯ ನಡುವಿನ ಕಾಳು

ಮೊನ್ನೆ ಬೆಳಿಗ್ಗೆ ನಮ್ಮ ಅಡಿಗೆಮನೆಯ ನಲ್ಲಿಗೆ ಒಂದು ಬಿಳಿ ಗಂಟು ಜೋತು ಬಿದ್ದಿತ್ತು. ಮುಟ್ಟಿ ನೋಡಿದೆ. ತಣ್ಣಗೆ, ಒದ್ದೆಯಾಗಿ ಬೆರಳಿಗೆ ಸಿಕ್ಕಿದ್ದು ಮಡಿಕೆ ಕಾಳು. ಬಿಚ್ಚಿ ನೋಡುವ ಆಸೆಯಾಯಿತು, ಬಿಚ್ಚಲಿಲ್ಲ. ಮೊಳಕೆಗೆ ಕಟ್ಟಿದ ಗಂಟನ್ನು ಹೊತ್ತಿಗೆ ಮುಂಚೆ ಬಿಚ್ಚಿದರೆ ಗಾಳಿಯಾಡಿ ಕಾಳು ಒಣಗುತ್ತದೆ. ಇದನ್ನು ನನಗೆ ಕಲಿಸಿದವರು ನನ್ನ ಅತ್ತೆ. ಕೈಮೇಲೆ ಒಂದು ಏಟು ಕೊಟ್ಟು ಕಲಿಸಿದ್ದರಿಂದ ಇನ್ನೂ ಮರೆತಿಲ್ಲ.

ಗಂಟು ಕಟ್ಟಿದವಳು ನನ್ನ ಸೊಸೆ. ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ್ದಾರಂತೆ, ಕಾಳು ತಿನ್ನಬೇಕೆಂದೂ ಹೇಳಿದ್ದಾರಂತೆ. ಮರುದಿನ ಅವಳು ಒಂದು ಬಟ್ಟಲು ಮೊಳಕೆ ಕಾಳಿಗೆ ಲಿಂಬೆಹಣ್ಣು ಹಿಂಡಿಕೊಂಡು ಶ್ರದ್ಧೆಯಿಂದ ತಿಂದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಎಂದಿನಂತೆ ದೋಸೆಗೆ ಕುಳಿತಿದ್ದಳು.

"ಈಗರ ಕಾಳು ತಿಂದೆಲ್ಲಾ?" ಅಂದೆ.

"ಅದು ಬ್ಯಾರೆರಿ ಅತ್ತಿ. ಅದು ಡಾಯಟ್ಟು. ಇದು ನಾಷ್ಟಾ," ಅಂದಳು.

ನಾನು ಮುಂದೆ ಮಾತಾಡಲಿಲ್ಲ. ವಯಸ್ಸಾದ ಮೇಲೆ ರೂಢಿಸಿಕೊಂಡ ಒಳ್ಳೆಯ ಅಭ್ಯಾಸ ಅದೊಂದೇ. ಆದರೆ ಆಡದೆ ಉಳಿದ ಮಾತು ಎಲ್ಲಾದರೂ ಹೋಗಿ ಕೂಡಬೇಕಲ್ಲ, ಅದಕ್ಕೇ ಇಲ್ಲಿ ಬರೆಯಲು ಕುಳಿತಿದ್ದೇನೆ.

ನನ್ನ ತವರು ಹಿರೇಕೆರೂರು. ಅಪ್ಪ ಶಾಲೆಯ ಮಾಸ್ತರರು. ಶಾಲೆಯ ಗಂಟೆಯನ್ನು ಅಲ್ಲಿಯೇ ಬಿಟ್ಟು ಬರುವುದು ಅವರಿಗೆ ಆಗುತ್ತಿರಲಿಲ್ಲ. ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಹೊತ್ತು ಗೊತ್ತು ಮಾಡಿದ್ದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೂತಿ ಒಂದೇ ದಿಕ್ಕಿಗೆ ಇರಬೇಕಾಗಿತ್ತು. ಹೀಗೆ ಬೆಳೆದ ನಾನು ಲಗ್ನವಾಗಿ ಹಾನಗಲ್ಲಿಗೆ ಬಂದ ಹೊಸತರಲ್ಲಿ ಒಂದು ದಿನ ಎಲ್ಲರ ಚಪ್ಪಲಿಗಳನ್ನೂ ಸಾಲಾಗಿ ಜೋಡಿಸಿಟ್ಟೆ. ಮಾವನವರು ನೋಡಿ, "ಮನಿಗೆ ಸೊಸಿ ತಂದೇವೋ ಗಡಿಯಾರ ತಂದೇವೋ?" ಎಂದರು. ಅತ್ತೆ ಹೊಟ್ಟೆ ಕುಣಿಸಿ ನಕ್ಕರು. ಕುಣಿಸುವಷ್ಟು ಹೊಟ್ಟೆ ಅವರಿಗಿತ್ತು. ಅದೇ ಈ ಕಥೆ.

ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಹಾನಗಲ್ಲು ಭತ್ತದ ಊರು. ತವರಿನಲ್ಲಿ ನಾನು ಜೋಳದ ರೊಟ್ಟಿ ತಿಂದು ಬೆಳೆದವಳು. ಇಲ್ಲಿ ಎರಡು ಹೊತ್ತೂ ಅನ್ನ: ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೊಂದು ಸಲ, ಪ್ರತಿ ಸಲವೂ ಮೇಲೆ ತುಪ್ಪ. ಅತ್ತೆ ತುಂಗಾಬಾಯಿಯವರು ಅಡಿಗೆಯಲ್ಲಿ ಎತ್ತಿದ ಕೈ. ಉಣಿಸುವುದರಲ್ಲಿ ಅದಕ್ಕಿಂತ ಮೇಲು. ಎಲ್ಲರನ್ನೂ ಉಣಿಸಿ, ಕೊನೆಗೆ ಉಳಿದದ್ದು ಹಳಸಬಾರದೆಂದು ತಾವು ಉಣ್ಣುತ್ತಿದ್ದರು. ವರ್ಷಗಟ್ಟಲೆ ಏನನ್ನೂ ಹಳಸಗೊಡದೆ ಅವರು ದಪ್ಪವಾದರು. ಲಗ್ನದಲ್ಲಿ ತವರಿನವರು ಕೊಟ್ಟ ಬೆಳ್ಳಿಯ ಡಾಬು, ಅಂದರೆ ನಡುಪಟ್ಟಿ, ಸುತ್ತು ಬರದೆ ಪೆಟ್ಟಿಗೆ ಸೇರಿತ್ತು.

ದಪ್ಪವಿದ್ದರೆ ಇರಲಿ, ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಬಾವಿಯಿಂದ.

ನಮ್ಮ ಹಿತ್ತಲಿನಲ್ಲಿ ಒಂದು ಸೇದುವ ಬಾವಿ ಇತ್ತು, ಆದರೆ ನೀರು ಸವಳು. ಸ್ನಾನಕ್ಕೆ, ಬಟ್ಟೆಗೆ ಸರಿ. ಅದರಲ್ಲಿ ಬೇಳೆ ಮಾತ್ರ ಬೇಯುತ್ತಿರಲಿಲ್ಲ. ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತಿತ್ತು. ಕುಡಿಯುವುದಕ್ಕೂ ಅಡಿಗೆಗೂ ಹಿತ್ತಲಾಚೆಯ ಸಿಹಿನೀರಿನ ಬಾವಿಗೇ ಹೋಗಬೇಕು. ಅದಕ್ಕೆ ಹಗ್ಗ, ಗಾಲಿ ಇಲ್ಲ. ಕಡಿದಾದ ಕಲ್ಲಿನ ಪಾವಟಿಗೆಗಳನ್ನು ಇಳಿದು, ಕೊಡ ಮುಳುಗಿಸಿ, ನಡುವಿನ ಮೇಲಿಟ್ಟುಕೊಂಡು ಹತ್ತಿ ಬರಬೇಕು. ನಮ್ಮದು ಮಡಿಯ ಮನೆ. ದೇವರ ನೈವೇದ್ಯದ ಅಡಿಗೆ ಮಾಡುವವರು ಸ್ನಾನ ಮಾಡಿ, ಮಡಿಸೀರೆ ಉಟ್ಟು, ಯಾರನ್ನೂ ಮುಟ್ಟದೆ ತಾವೇ ಆ ನೀರು ತರಬೇಕು. ನೀರು ತಂದವರದೇ ಒಲೆ, ಒಲೆ ಯಾರದೋ ಅವರದೇ ಮನೆ. ಇದು ಅಲ್ಲಿಯ ಕಟ್ಟಳೆ.

ಸಂಕ್ರಾಂತಿ ಮುಗಿದ ಮೇಲೆ ಒಂದು ಮುಂಜಾನೆ ಅತ್ತೆ ಕೊಡ ಹೊತ್ತು ಹತ್ತುವಾಗ ನಡುದಾರಿಯಲ್ಲಿ ದಮ್ಮು ಕಟ್ಟಿತು. ಮೊಣಕಾಲು ಕೈ ಕೊಟ್ಟಿತು. ಕೊಡ ಉರುಳಿ ಠಣ್ ಠಣ್ ಎಂದು ಕೆಳಗಿನವರೆಗೂ ಹೋಯಿತು. ಅತ್ತೆ ಪಾವಟಿಗೆಯ ಮೇಲೆ ಕುಳಿತುಬಿಟ್ಟರು. ಪಕ್ಕದ ಒಕ್ಕಲುತನದ ಮನೆಯ ಗಿರಿಜವ್ವ ಆಗಲೇ ನೀರಿಗೆ ಬಂದಿದ್ದಳು. ಗಿರಿಜವ್ವ ಲಿಂಗವಂತರ ಹೆಣ್ಣುಮಗಳು, ಗಟ್ಟಿ ಆಳು, ಗಟ್ಟಿ ಬಾಯಿ. ಅತ್ತೆಗೆ ಹಳೆಯ ಗೆಳತಿ.

"ಕೈ ಕೊಡ್ರಿ ಬಾಯಾರ, ಎಬ್ಬಸ್ತೇನಿ," ಎಂದು ಕೈ ಚಾಚಿದಳು.

"ಮಡೀಲೆ ಇದ್ದೇನವಾ, ಮುಟ್ಟಬ್ಯಾಡ," ಅಂದರು ಅತ್ತೆ.

"ಮಡೀನ ಎಬ್ಬಸ್ತದನು ನಿಮ್ಮನ್ನ? ಬಾವಿ ಇಳ್ಯಾಕ ಬಂದೀರೋ, ಬಾವಿ ತುಂಬಾಕ ಬಂದೀರೋ?"

ಇಬ್ಬರೂ ನಕ್ಕರು. ಆದರೆ ಅತ್ತೆ ಏಳಲಿಲ್ಲ. ದಮ್ಮು ತಿರುಗುವವರೆಗೂ ಗಿರಿಜವ್ವ ಮುಟ್ಟದಷ್ಟು ದೂರದಲ್ಲಿ, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ನಿಂತಿದ್ದಳು. ಆ ದಿನ ನೈವೇದ್ಯಕ್ಕೆ ಹೊತ್ತಾಯಿತು.

ಮಾವನವರು ಕೆಟ್ಟವರಲ್ಲ. ಆದರೆ ನೈವೇದ್ಯ ತಡವಾದರೆ ಅವರಿಗೆ ಸೂರ್ಯನೇ ತಪ್ಪಿ ಹುಟ್ಟಿದಂತೆ. ಊಟವಾದ ಮೇಲೆ ಅಡಿಕೆ ಕತ್ತರಿಸುತ್ತ, "ಸವಣೂರಿಂದ ತಮ್ಮನ ಹೆಣತೀನ್ನ ಕರಸೂಣು. ಅಕಿ ಒಲಿ ನೋಡ್ಕೊಳ್ಳಲಿ. ನೀ ಆರಾಮ ಕುಂತ ಹೇಳು, ಹಿಂಗ ಮಾಡು ಹಂಗ ಮಾಡು ಅಂತ," ಅಂದರು. ಸವಣೂರಿನ ಸಣ್ಣತ್ತೆ ಗಾಳಿಯಂಥ ಹೆಂಗಸು, ಮೂರು ಮನೆಯ ಕೆಲಸ ಒಬ್ಬಳೇ ಮಾಡುವಂಥವಳು. ನನ್ನ ಹೆಸರು ಯಾಕೆ ಹೇಳಲಿಲ್ಲವೆಂದರೆ ನಾನಿನ್ನೂ ಹೊಸಬಳು, ಅದರ ಮೇಲೆ ತಿಂಗಳಿಗೆ ಮೂರು ದಿನ ಹೊರಗೆ ಕೂಡುವವಳು. ನಮ್ಮವರು ಧಾರವಾಡದಲ್ಲಿ ಓದುತ್ತಿದ್ದರು. ಅವರ ಮಾತನ್ನು ಯಾರೂ ಕೇಳಲಿಲ್ಲ.

ಆ ಮಧ್ಯಾಹ್ನ ಅತ್ತೆ ಪಾತ್ರೆ ತಿಕ್ಕುತ್ತಿದ್ದ ನನ್ನ ಹತ್ತಿರ ಬಂದು ಕುಳಿತರು. "ರಮಾ, ನಮ್ಮ ಅತ್ತಿನೂ ಹಿಂಗ ಪಡಸಾಲ್ಯಾಗ ಕುಂತ ಹೇಳ್ತಿದ್ರು. ನಾ ಹ್ಞೂಂರಿ ಅಂತಿದ್ದೆ. ಒಳಗ ಹೋಗಿ ನನಗ ಬೇಕಾದ್ಹಂಗ ಮಾಡ್ತಿದ್ದೆ. ಕುಂತ ಹೇಳೋರ ಮಾತು ಯಾರೂ ಕೇಳೂದಿಲ್ಲ," ಅಂದರು. ಅವರು ನಗದೆ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಮಾವನವರ ಹತ್ತಿರ ಗಡುವು ಕೇಳಿದರು. ಕಾರ್ತಿಕದ ತುಳಸಿ ಲಗ್ನದವರೆಗೆ. ಆ ದಿನ ದ್ವಾದಶಿಯ ನೀರು ತಾವೇ ತರುವುದು, ತರದಿದ್ದರೆ ಒಲೆ ಸವಣೂರಿನವಳದು. ಅಲ್ಲಿಯವರೆಗೆ ನೀರು ಸೊಸೆ ತರಲಿ, ಸೊಸೆಗೆ ಆಗದ ಮೂರು ದಿನ ಮಾವನವರು. ಅವರು ಒಪ್ಪಿದರು. ಆ ಮೂರು ದಿನ ಮಡಿಯುಟ್ಟು ಕೊಡ ಹೊತ್ತು ಬರುವಾಗ ಪಾವಟಿಗೆಗೊಂದು ಮಾತು ಆಡುತ್ತ ಬರುತ್ತಿದ್ದರು. ಒಂದೂ ಇಲ್ಲಿ ಬರೆಯುವಂಥದಲ್ಲ.

ಶಿಗ್ಗಾಂವದಲ್ಲಿ ಒಬ್ಬ ಡಾಕ್ಟರರಿದ್ದರು. ಅವರಲ್ಲಿಗೆ ಮೋಟಾರಿನಲ್ಲಿ ಹೋದೆವು. ಮೋಟಾರು ಹತ್ತಿ ಅತ್ತೆ ಕುಳಿತ ಕೂಡಲೇ ಕಂಡಕ್ಟರು, "ಅವ್ವಾರ, ಒಂದೀಟು ಅತ್ಲಾಗ ಸರೀರಿ," ಅಂದ. "ಎಲ್ಲಿಗೆ ಸರೀಲೋ ತಮ್ಮಾ, ಹೊರಗ?" ಅಂದರು ಅತ್ತೆ. ಮೋಟಾರಿಗೆ ಮೋಟಾರೇ ನಕ್ಕಿತು. ಅತ್ತೆಯೂ ನಕ್ಕರು, ಆದರೆ ಸೆರಗನ್ನು ಎಳೆದು ಹೊಟ್ಟೆಯ ಮೇಲೆ ಹಾಕಿಕೊಂಡರು.

ಡಾಕ್ಟರರು ಎದೆಗೆ ನಳಿಕೆ ಹಚ್ಚಿ ನೋಡಿ, ಮೊಣಕಾಲು ಒತ್ತಿ ನೋಡಿ, "ಬಾಯಾರ, ಕಾಲಿಗೆ ಏನೂ ಆಗಿಲ್ಲ. ಕಾಲಿನ ಮ್ಯಾಲಿನ ಭಾರ ಹೆಚ್ಚಾಗೇದ. ರಾತ್ರಿ ಊಟಾ ಬಿಡ್ರಿ. ದಿನಾ ಒಂದು ಬಟ್ಟಲ ಕಾಳು ತಿನ್ರಿ, ಹೆಸರು, ಮಡಿಕಿ, ಅಲಸಂದಿ, ಯಾವುದರ ಆಗಲಿ. ಅದನ್ನ ಔಷಧ ಅಂತ ತಿಳ್ಕೊಳ್ರಿ," ಅಂದರು.

ಎಡವಟ್ಟಾದದ್ದು ಇಲ್ಲಿಯೇ. ಅತ್ತೆ ಅದನ್ನು ಔಷಧವೆಂದೇ ತಿಳಿದುಕೊಂಡರು. ಔಷಧ ತೆಗೆದುಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಗಟ್ಟಿಯಾಗಿತ್ತು. ಔಷಧವನ್ನು ಹೊಟ್ಟೆ ತುಂಬ ಉಂಡ ಮೇಲೆ ತೆಗೆದುಕೊಳ್ಳಬೇಕು. ಔಷಧ ಉಷ್ಣ, ಅದಕ್ಕೆ ಅನುಪಾನ ಬೇಕು. ಅನುಪಾನವೆಂದರೆ ತುಪ್ಪ ಮತ್ತು ಬೆಲ್ಲ. ಹೀಗಾಗಿ ಸಾರನ್ನ, ಹುಳಿಯನ್ನ, ಮಜ್ಜಿಗೆಯನ್ನ ಎಲ್ಲವೂ ಕ್ರಮವಾಗಿ ಮುಗಿದ ಮೇಲೆ, ಕೈ ತೊಳೆದು ಬಂದು, ಒಂದು ಬಟ್ಟಲು ಬೆಂದ ಹೆಸರು ಕಾಳಿಗೆ ತುಪ್ಪ ಬೆಲ್ಲ ಕಲಸಿ, ಮುಖ ಗಂಟಿಕ್ಕಿಕೊಂಡು ತಿನ್ನುತ್ತಿದ್ದರು. ರಾತ್ರಿ ಊಟವನ್ನೂ ಬಿಟ್ಟರು, ಡಾಕ್ಟರರ ಮಾತಿಗೆ ತಪ್ಪಲಿಲ್ಲ. ಊಟ ಬಿಟ್ಟ ದಿನ ಮಾಡುವುದೇನು? ಫಲಾರ. ಅವಲಕ್ಕಿ, ಶೇಂಗಾ, ಹಸಿ ಕೊಬ್ಬರಿ, ಬೆಲ್ಲ, ಒಂದು ಲೋಟ ಗಟ್ಟಿ ಹಾಲು. ಫಲಾರವನ್ನು ಊಟವೆನ್ನುವವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ನಾನೇನು ಕಡಿಮೆ? ಹೊತ್ತಿಗೆ ಸರಿಯಾಗಿ ಕಾಳು ನೆನೆಹಾಕುವವಳು ನಾನು, ಹೊತ್ತಿಗೆ ಸರಿಯಾಗಿ ತುಪ್ಪ ತಂದು ಕೊಡುವವಳೂ ನಾನು. ಔಷಧ ಒಂದು ದಿನವೂ ತಪ್ಪಲಿಲ್ಲವೆಂದು ಅಪ್ಪನಿಗೆ ಅಭಿಮಾನದಿಂದ ಹೇಳಿ ಕಳಿಸಿದ್ದೆ.

ಯುಗಾದಿ ಬಂತು, ಹೋಯಿತು. ಅತ್ತೆಯ ಬಳೆಗಳು ಇನ್ನಷ್ಟು ಬಿಗಿಯಾದವು. ಮತ್ತೆ ಶಿಗ್ಗಾಂವಕ್ಕೆ ಹೋದೆವು. ಡಾಕ್ಟರರು, "ಕಾಳು ತಿನ್ನಲಿಕತ್ತೀರೇನು?" ಅಂದರು. ನಾನು ಪಾಠ ಒಪ್ಪಿಸುವಂತೆ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ತುಪ್ಪಕ್ಕೆ ಬರುವಾಗ ಅವರ ಮುಖ ಕೆಂಪಾಯಿತು. ಫಲಾರಕ್ಕೆ ಬರುವಾಗ ನಗು ತಡೆಯಲಾರದೆ ಎದ್ದು ಕಿಡಕಿಯ ಹತ್ತಿರ ಹೋಗಿ ನಿಂತರು.

"ಬಾಯಾರ, ನಂದ ತಪ್ಪು. ಔಷಧ ಅನ್ನಬಾರದಿತ್ತು. ಕಾಳಿನಾಗ ಮಂತ್ರಾ ಇಲ್ಲರಿ. ಅನ್ನದ ಮ್ಯಾಲ ಕಾಳು ಹೇರಿದ್ರ ಭಾರ ಹೆಚ್ಚಾಗ್ತದ. ಅನ್ನಾ ತಗದು ಕಾಳು ಹಾಕಬೇಕು. ಹೊಟ್ಟಿ ತುಂಬಬೇಕು, ಲಗೂ ಹಸಿವಿ ಆಗಬಾರದು, ಅದಕ್ಕ ಕಾಳು. ಗಡಬಡಿ ಬ್ಯಾಡ, ಸಾವಕಾಶ ಇಳೀಲಿ," ಅಂದರು.

ಮರಳಿ ಬರುವಾಗ ಅತ್ತೆ ಮೋಟಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಕಂಡಕ್ಟರು ಸರಿಯಲು ಹೇಳಿದಾಗಲೂ ಸುಮ್ಮನಿದ್ದರು. ಅವನಿಗೇ ಬೇಜಾರಾಯಿತು.

ಅವರು ಯೋಚನೆ ಮಾಡುತ್ತಿದ್ದುದು ಬಾಳೆ ಎಲೆಯ ಬಗ್ಗೆ ಎಂದು ನನಗೆ ಮರುದಿನ ತಿಳಿಯಿತು. ನಮ್ಮಲ್ಲಿ ಎಲೆಯೆಂದರೆ ಒಂದು ಊರು ಇದ್ದಂತೆ. ಯಾರ ಮನೆ ಎಲ್ಲಿ ಎಂಬುದು ಗೊತ್ತು ಮಾಡಿದ್ದು. ತುದಿಗೆ ಉಪ್ಪು, ಅದರ ಪಕ್ಕ ಚಟ್ನಿ, ಉಪ್ಪಿನಕಾಯಿ, ಮೇಲಿನ ಸಾಲಿನಲ್ಲಿ ಪಲ್ಯ, ಕೋಸಂಬರಿ, ನಟ್ಟನಡುವೆ ಅನ್ನ. ಕಾಳಿಗೆ ಬೇಳೆಗೆ ಆ ಊರಿನಲ್ಲಿ ಸಿಕ್ಕ ಜಾಗವೆಂದರೆ ಕೋಸಂಬರಿಯ ಮೂಲೆಯೊಂದೇ, ಬೆರಳ ತುದಿಯಲ್ಲಿ ಎತ್ತುವಷ್ಟು. ಬಡಿಸುವವರು ಇದನ್ನು ತಪ್ಪಿಸಿದರೆ ಉಣ್ಣಲು ಕುಳಿತ ಹಿರಿಯರು ಎಲೆಯನ್ನೇ ನೋಡುತ್ತ ಕೂಡುತ್ತಿದ್ದರು, ಕೈ ಹಚ್ಚುತ್ತಿರಲಿಲ್ಲ.

ಗಂಡಸರ ಊಟ ಮುಗಿದು ನಾವಿಬ್ಬರು ಕುಳಿತಾಗ ಅತ್ತೆ, "ರಮಾ, ನನ್ನ ಎಲಿಗೆ ನೀ ಬಡಸು. ಕಾಳು ನಡುವ ಹಾಕು. ಅನ್ನಾ ಕೋಸಂಬರಿ ಜಾಗಾದಾಗ," ಅಂದರು.

ನನ್ನ ಕೈ ತಡೆಯಿತು. ಚಪ್ಪಲಿಯ ಮೂತಿ ತಿರುಗಿದ್ದರೆ ಸಹಿಸದವಳು ನಾನು. "ಅನ್ನಾ ಎಷ್ಟು ಹಾಕಲಿರಿ ಅತ್ತಿ?" ಅಂದೆ.

"ಕೋಸಂಬರಿ ಎಷ್ಟು ಹಾಕ್ತಿದ್ದಿ? ಅಷ್ಟ."

ಹಾಕಿದೆ. ಎಲೆ ನೋಡಿದರೆ ನನಗೇ ತಲೆ ತಿರುಗಿದಂತಾಯಿತು. ನಡುವೆ ಹಿಂಗು, ಜೀರಿಗೆ, ಕರಿಬೇವಿನ ಒಗ್ಗರಣೆಯ ಹೆಸರು ಕಾಳಿನ ಗುಡ್ಡೆ. ಅದಕ್ಕೆ ಹೊಂದಿ ಸೊಪ್ಪಿನ ಪಲ್ಯ. ಮೇಲೆ ಮೂಲೆಯಲ್ಲಿ ಮುಖ ಸಣ್ಣಗೆ ಮಾಡಿಕೊಂಡ ಅನ್ನ. ಅದೇ ಹೊತ್ತಿಗೆ ಮಾವನವರು ನೀರು ಕುಡಿಯಲು ಬಂದರು.

"ಏನಿದು? ಎಲಿ ನಡುವ ಕಾಳು! ಇದು ಮನೀನೋ ತಬೇಲಿನೋ? ಕುದರಿಗೆ ಹಾಕೂ ಹಂಗ ಹಾಕ್ಕೊಂಡು ಕುಂತೀದಿ?"

ಅತ್ತೆ ತಲೆ ಎತ್ತದೆ, "ಕುದರಿ ಯಾವತ್ತರ ದಮ್ಮು ಹತ್ತಿ ಪಾವಟಿಗಿ ಮ್ಯಾಲ ಕುಂತದ್ದು ನೋಡೀರೇನು?" ಅಂದರು.

ಮಾವನವರು ನೀರು ಕುಡಿಯದೆ ಹೋದರು.

ಅಂದಿನಿಂದ ಕಾಳಿನ ಉಸ್ತುವಾರಿ ನನ್ನದು. ಒಂದೊಂದು ಕಾಳಿನದು ಒಂದೊಂದು ಸ್ವಭಾವ ಎಂದು ಆಗ ಗೊತ್ತಾಯಿತು. ಹೆಸರು ಕಾಳು ಹೇಳಿದ ಮಾತು ಕೇಳುವ ಹುಡುಗ: ಬೆಳಿಗ್ಗೆ ನೆನೆಹಾಕಿ ಸಂಜೆ ಕಟ್ಟಿದರೆ ಮರುದಿನ ಮೊಳಕೆ ತಯಾರು. ಮಡಿಕೆಯೂ ಹಾಗೆಯೇ, ಆದರೆ ಸ್ವಲ್ಪ ಹೆಚ್ಚು ನೆನೆದರೆ ವಾಸನೆ ಬಂದು ಸಿಟ್ಟು ತೋರಿಸುತ್ತದೆ. ಅಲಸಂದಿಗೆ ಮೊಳಕೆ ಬೇಡ, ಬೆಂದರೆ ಸಾಕು. ಹುರುಳಿ ಕೊನೆಯ ಬೆಂಚಿನ ದಾಂಡಿಗ: ರಾತ್ರಿಯೆಲ್ಲ ನೆನೆದರೂ ತಾನು ನೆನೆದೇ ಇಲ್ಲ ಎಂಬಂತೆ ಕೂತಿರುತ್ತದೆ. ಅದನ್ನು ಬೇಯಿಸಿ, ಬಸಿದ ಕಟ್ಟಿನ ನೀರಿಗೆ ಮೆಣಸು ಜೀರಿಗೆ ಕುಟ್ಟಿ ಹಾಕಿ ಸಾರು ಮಾಡಿದರೆ ಸಂಜೆಗೆ ಅದೇ ಊಟ. ಫಲಾರದ ಡಬ್ಬಿಯನ್ನು ಅತ್ತೆ ತಾವೇ ಎತ್ತಿ ಅಟ್ಟದ ಮೇಲೆ ಇಡಿಸಿದರು.

ಒಮ್ಮೆ ತವರಿನಿಂದ ಬಂದವರು ಒಂದು ಚೀಲ ಹುರುಳಿ ತಂದಿದ್ದರು. ಅವರು ಹಂಸಭಾವಿಯ ಹೊಲದ ಕಾಳೆಂದು ಹೊಗಳಿದ ಭರದಲ್ಲಿ, ಹುರುಳಿ ಎಲ್ಲಿ ಉಬ್ಬೀತು ಎಂದುಕೊಂಡು, ನಾನು ದೊಡ್ಡ ತಪ್ಪೇಲಿಗೆ ಅಂಚಿನವರೆಗೂ ಹಾಕಿ, ನೀರು ಹಾಕಿ, ಮುಚ್ಚಿ, ಮೇಲೊಂದು ಕಲ್ಲು ಹೇರಿ ಮಲಗಿದೆ. ಬೆಳಿಗ್ಗೆ ನೋಡಿದರೆ ಮುಚ್ಚಳ ಒಂದು ಕಡೆ, ಕಲ್ಲು ಒಂದು ಕಡೆ, ಹುರುಳಿ ಉಬ್ಬಿ ಅಡಿಗೆಮನೆಯ ತುಂಬ ಹರಡಿತ್ತು. ಮನೆಮಂದಿಯೆಲ್ಲ ಎಷ್ಟೋ ದಿನ ಅದನ್ನೇ ತಿಂದೆವು. ಮಾವನವರು ಉಣ್ಣುವಾಗ ಮೆಲ್ಲಗೆ ಹೇಷಾರವ ಮಾಡುತ್ತಿದ್ದರು.

ಕಾಳಿನ ಇನ್ನೊಂದು ಗುಣ ಎಲ್ಲರಿಗೂ ಗೊತ್ತಿದ್ದದ್ದು, ಯಾರೂ ಬರೆಯದ್ದು. ಮೊದಲ ಕೆಲವು ದಿನ ಮಾವನವರು ಪೂಜೆಯ ಗಂಟೆಯನ್ನು ಅಗತ್ಯಕ್ಕಿಂತ ಜೋರಾಗಿ ಬಾರಿಸುತ್ತಿದ್ದರು. ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿ, ಹಿಂಗು ಶುಂಠಿ ಧಾರಾಳ ಹಾಕಲು ಶುರು ಮಾಡಿದ ಮೇಲೆ ಗಂಟೆಯ ಸದ್ದು ತಗ್ಗಿತು. ಕಾಳನ್ನು ಒಮ್ಮೆಲೆ ರಾಶಿ ತಿನ್ನಬಾರದು, ಹೊಟ್ಟೆಗೆ ರೂಢಿಯಾಗಲು ಹೊತ್ತು ಕೊಡಬೇಕು. ಇದನ್ನು ಸೊಸೆಗೆ ಹೇಳಬೇಕು.

ಕಾಳು ಬೇಯಲು ಸಿಹಿನೀರೇ ಬೇಕಷ್ಟೆ. "ನನ್ನ ಕಾಳಿಗೆ ನೀ ಯಾಕ ನೀರ ಹೊರ್ತೀ? ನಾನೂ ಬರ್ತೇನಿ ನಡಿ," ಎಂದು ಅತ್ತೆ ಸಂಜೆ ಹೊತ್ತು ನನ್ನ ಜೊತೆ ಬಾವಿಗೆ ಬರತೊಡಗಿದರು. ಮಡಿಯಿಲ್ಲ, ಕೊಡವಿಲ್ಲ, ಬರಿಗೈ. ಮೊದಮೊದಲು ಮೇಲಿನ ಪಾವಟಿಗೆಯಲ್ಲೇ ನಿಂತು ಕೆಳಗಿನ ನೀರನ್ನು ನೋಡಿ ಮರಳುತ್ತಿದ್ದರು. ಆಮೇಲೆ ಸ್ವಲ್ಪ ಇಳಿದು ಹತ್ತಿದರು. ಗಿರಿಜವ್ವ ಬಾವಿಯ ಕಟ್ಟೆಯ ಮೇಲೆ ಕುಳಿತು, "ಇವತ್ತ ಎಲ್ಲೀತನಾ ಸವಾರಿ? ಶಿಗ್ಗಾಂವ ಮುಟ್ಟಿತೇನು?" ಎನ್ನುವಳು. ನಡುವಿನ ಪಾವಟಿಗೆಗೆ ಅವಳು ಇಟ್ಟ ಹೆಸರು ಶಿಗ್ಗಾಂವ. ಕೆಳಗಿನ ನೀರು ಸವಣೂರು. "ಸವಣೂರ ದೂರ ಐತ್ರಿ ಬಾಯಾರ, ಸಾವಕಾಶ ಹೋಗ್ರಿ," ಎಂದು ನಗುವಳು.

ಆಷಾಢದಲ್ಲಿ ಚಾತುರ್ಮಾಸ್ಯ ಕೂಡಿತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ನಾಲ್ಕು ತಿಂಗಳು ನಮ್ಮಲ್ಲಿ ತಿಂಗಳಿಗೊಂದು ಪದಾರ್ಥ ಬಿಡುತ್ತಾರೆ. ಮೊದಲ ತಿಂಗಳು ಕಾಯಿಪಲ್ಯ ಇಲ್ಲ. ಎರಡನೆಯದರಲ್ಲಿ ಮೊಸರಿಲ್ಲ. ಮೂರನೆಯದರಲ್ಲಿ ಹಾಲಿಲ್ಲ. ಕಾಯಿಪಲ್ಯ ಬಿಟ್ಟಾಗ ಹೆಸರು ನಡೆಯುತ್ತಿತ್ತು; ಅತ್ತೆಗೆ ಅದೇ ಆಧಾರವಾಯಿತು. ದಸರೆಯ ಹೊತ್ತಿಗೆ ಅವರು ಪೆಟ್ಟಿಗೆಯಿಂದ ಡಾಬು ತೆಗೆದು ನನ್ನ ಕೈಯಲ್ಲಿ ಕೊಟ್ಟು, "ಹಚ್ಚಿ ನೋಡು," ಅಂದರು. ಸುತ್ತು ಬಂತು. ಕೊಂಡಿ ಮಾತ್ರ ಕೂಡಲಿಲ್ಲ, ನಡುವೆ ನನ್ನ ಹೆಬ್ಬೆರಳಿನಷ್ಟು ಸಂದು ಉಳಿಯಿತು. ಸಂಜೆಯ ಬರಿಗೈ ಸವಾರಿಯೂ ಸವಣೂರು ಮುಟ್ಟಿತ್ತು. ಇನ್ನು ಕೊಡ ಹೊರುವುದೊಂದು ಬಾಕಿ.

ಆಗ ನಾಲ್ಕನೆಯ ತಿಂಗಳು ಬಂತು. ನಾಲ್ಕನೆಯದು ದ್ವಿದಳ ವ್ರತ. ಎರಡು ಹೋಳಾಗುವ ಯಾವ ಕಾಳೂ ಬೇಳೆಯೂ ಮನೆಯ ಒಲೆ ಏರುವಂತಿಲ್ಲ. ಹೆಸರಿಲ್ಲ, ಮಡಿಕೆಯಿಲ್ಲ, ಅಲಸಂದಿಯಿಲ್ಲ, ಹುರುಳಿಯಿಲ್ಲ. ಅನ್ನಕ್ಕೆ ಅಡ್ಡಿಯಿಲ್ಲ, ತುಪ್ಪಕ್ಕೆ ಅಡ್ಡಿಯಿಲ್ಲ; ಬಿಟ್ಟಿದ್ದ ಹಾಲು ಮೊಸರು ಎರಡೂ ಮರಳಿ ಬಂದಿದ್ದವು. ವ್ರತ ಮುಗಿಯುವುದು ತುಳಸಿ ಲಗ್ನದ ದ್ವಾದಶಿಗೆ. ಗಡುವೂ ಅದೇ ದಿನ. ಗಡುವು ಕೇಳುವಾಗ ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ವರ್ಷವರ್ಷವೂ ಮಾಡುವ ವ್ರತ!

ನಾನು ಮೆಲ್ಲಗೆ, "ಔಷಧಕ್ಕ ವ್ರತಾ ಇರೂದಿಲ್ಲಂತರಿ ಅತ್ತಿ," ಅಂದೆ.

"ಈಗ ಮತ್ತ ಔಷಧ ಮಾಡಿದೇನು ಅದನ್ನ?" ಅಂದರು.

ಮೊದಲ ದಿನ ಎಲೆ ಹಾಕಿಕೊಂಡು ಕುಳಿತರು. ನಾನು ಅನ್ನದ ಪಾತ್ರೆ ಹಿಡಿದು ನಿಂತೆ. ಎಲ್ಲಿ ಬಡಿಸಬೇಕು? ಮಾವನವರು ಅಂದು ಬೇಕೆಂದೇ ಬಾಗಿಲಲ್ಲಿ ನಿಂತಿದ್ದರು. "ಕಾಳು ಹೋತು. ಅನ್ನಾ ತನ್ನ ಜಾಗಾಕ್ಕ ಬರಲಿ ಇನ್ನ," ಅಂದರು.

ಅತ್ತೆ ಎಲೆಯ ಮೇಲಿನ ಮೂಲೆ ತೋರಿಸಿ, "ಇಲ್ಲೇ ಹಾಕು, ದಿನಾ ಹಾಕೂ ಅಷ್ಟ," ಅಂದರು. ಸೊಪ್ಪಿನ ಪಲ್ಯವನ್ನು ತುಸು ಹೆಚ್ಚು ಹಾಕಿಸಿಕೊಂಡರು, ಒಂದು ಬಟ್ಟಲು ತಿಳಿ ಮಜ್ಜಿಗೆ ಇಡಿಸಿಕೊಂಡರು.

"ಮತ್ತ ನಡುವ?" ಅಂದೆ.

"ನಡುವ ಏನೂ ಬ್ಯಾಡ. ಅದು ಕಾಳಿನ ಜಾಗಾ. ಅದು ಊರಿಗೆ ಹೋಗೇದ, ಬರ್ತದ."

ಆ ತಿಂಗಳೆಲ್ಲ ಅವರು ನಡು ಖಾಲಿ ಇರುವ ಎಲೆಯ ಮುಂದೆ ಕುಳಿತು ಉಂಡರು. ಹಸಿವಾಗಲಿಲ್ಲವೆಂದಲ್ಲ. ಮಧ್ಯಾಹ್ನ ಅಡಿಗೆಮನೆಯ ಗೋಡೆಗೆ ಆನಿಕೊಂಡು ಅಟ್ಟದ ಕಡೆ ನೋಡುತ್ತಿದ್ದುದನ್ನು ನಾನು ನೋಡಿದ್ದೇನೆ. ಅಟ್ಟದ ಮೇಲೆ ಫಲಾರದ ಡಬ್ಬಿ ಇತ್ತು. ಒಂದು ದಿನ ಅವರಿಗೆ ಕಾಣದ ಹಾಗೆ ಅದನ್ನು ತೆಗೆದು ಗಿರಿಜವ್ವನ ಮನೆಯ ಮಕ್ಕಳಿಗೆ ಕೊಟ್ಟು ಬಂದೆ. ಅವರು ಮತ್ತೆ ಅಟ್ಟದ ಕಡೆ ನೋಡಿದರು, ಡಬ್ಬಿಯಿಲ್ಲ. "ಗಡಿಯಾರ ಚಲೋ ನಡದದ," ಅಂದರು. ಅಷ್ಟೇ.

ಏಕಾದಶಿಯ ಸಂಜೆ ಸವಣೂರಿನ ಸಣ್ಣತ್ತೆ ಬಂದಿಳಿದರು. ಕೈಯಲ್ಲಿ ಸವಣೂರಿನ ವೀಳ್ಯದೆಲೆಯ ಕಟ್ಟು, ಬಾಯಲ್ಲಿ ಅಕ್ಕರೆ. "ಅಕ್ಕಾ, ನೀವು ಇನ್ನ ಆರಾಮ ಕುಂತ ಹೇಳ್ರಿ, ನಾ ಎಲ್ಲಾ ಮಾಡ್ತೇನಿ," ಎಂದು ಅತ್ತೆಯ ಕಾಲು ಮುಟ್ಟಿದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅತ್ತೆ, "ಹ್ಞೂಂ," ಅಂದರು. ಆ ಹ್ಞೂಂ ಎಂಥದೆಂದು ನನಗೆ ಗೊತ್ತಿತ್ತು.

ಏಕಾದಶಿ ನಮ್ಮಲ್ಲಿ ನಿಟ್ಟುಪವಾಸ, ನೀರೂ ಇಲ್ಲ. ದ್ವಾದಶಿಯ ಬೆಳಗು ಹರಿಯುವ ಹೊತ್ತಿಗೆ ನೈವೇದ್ಯವಾಗಿ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಹೀಗಾಗಿ ಆ ನೀರು ತರಬೇಕಾದದ್ದು ಇಡೀ ದಿನ ಉಪವಾಸವಿದ್ದ ಹೊಟ್ಟೆಯಲ್ಲಿ. ಅತ್ತೆ ಸ್ನಾನ ಮಾಡಿ, ಮಡಿಸೀರೆಯ ಕಚ್ಚೆ ಬಿಗಿದು, ತಾಮ್ರದ ಕೊಡ ತೆಗೆದುಕೊಂಡು ಹೊರಟರು. ನಾನು ಕಂದೀಲು ಹಿಡಿದು ಹಿಂದೆ ಹೋದೆ. ಮಾವನವರು ದೇವರಮನೆಯಿಂದ ಎದ್ದು ಹಿತ್ತಲ ಬಾಗಿಲಿಗೆ ಬಂದರು. ಸಣ್ಣತ್ತೆ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ತಯಾರಾಗಿ ನಿಂತಿದ್ದರು. ಗಿರಿಜವ್ವ ಮಾತ್ರ ಆಗಲೇ ಬಾವಿಯ ಕಟ್ಟೆಯ ಮೇಲಿದ್ದಳು. ನೀರಿಗೆಂದು ಬಂದವಳಲ್ಲ, ಅವಳ ಹತ್ತಿರ ಕೊಡವಿರಲಿಲ್ಲ.

ಅತ್ತೆ ಇಳಿದರು. ಕೊಡ ಮುಳುಗುವ ಸದ್ದು ಕೇಳಿತು. ಹತ್ತತೊಡಗಿದರು. ಅಂದು ಗಿರಿಜವ್ವ ಒಂದು ಚೇಷ್ಟೆಯನ್ನೂ ಮಾಡಲಿಲ್ಲ. ಶಿಗ್ಗಾಂವದ ಪಾವಟಿಗೆಗೆ ಬಂದಾಗ ಅತ್ತೆ ನಿಂತರು. ಉಸಿರು ಜೋರಾಗಿತ್ತು. ಕೊಡವನ್ನು ಕಲ್ಲಿನ ಮೇಲಿಟ್ಟರು. ಹಿಂದೆ ಕುಳಿತ ಕಲ್ಲು ಅದೇ. ಗಿರಿಜವ್ವನ ಕೈ ತಾನಾಗಿ ಮುಂದೆ ಬಂತು, ಅರ್ಧಕ್ಕೆ ನಿಂತಿತು. ಅತ್ತೆ ಕೂಡಲಿಲ್ಲ. ನಿಂತೇ ಸೆರಗಿನಿಂದ ಮುಖ ಒರೆಸಿಕೊಂಡರು. ಕೊಡವನ್ನು ಇನ್ನೊಂದು ನಡುವಿಗೆ ಬದಲಿಸಿಕೊಂಡರು. ಹತ್ತಿ ಬಂದರು.

"ಬಂದ್ರೆಲ್ರಿ ಬಾಯಾರ," ಅಂದಳು ಗಿರಿಜವ್ವ. ಅತ್ತೆ ಮಾತಾಡುವಷ್ಟು ಉಸಿರು ಉಳಿಸಿಕೊಂಡಿರಲಿಲ್ಲ. ತಲೆ ಅಲ್ಲಾಡಿಸಿ, ತುಂಬಿದ ಕೊಡದಿಂದ ತುಸುವೂ ತುಳುಕದಂತೆ ಮಾವನವರನ್ನು ದಾಟಿ ಒಳಗೆ ಹೋದರು. ಸಣ್ಣತ್ತೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ, ಗಂಧ ತೇಯಲು ಕುಳಿತರು. ಅವರು ಎರಡು ದಿನ ಇದ್ದು, ಕೈಗೆ ಕೆಲಸವಿಲ್ಲದೆ ಬೇಸತ್ತು ಸವಣೂರಿಗೆ ಮರಳಿದರು.

ಆ ಪಾರಣೆಗೆ ಅತ್ತೆ ಮಾಡಿದ ಮೊದಲ ಅಡಿಗೆ ಹೆಸರು ಕಾಳು. ವ್ರತ ಮುಗಿದಿತ್ತು, ಊರಿಗೆ ಹೋದದ್ದು ಬಂದಿತ್ತು. ಹಿಂದಿನ ದಿನವೇ ನಾನು ನೆನೆಹಾಕಿ ಇಟ್ಟಿದ್ದೆ. ಅವರೇ ತಂದ ನೀರಿನಲ್ಲಿ ಅದು ಬೆಣ್ಣೆಯಂತೆ ಬೆಂದಿತು. ನೈವೇದ್ಯವಾಯಿತು. ಮಾವನವರು ಎಲೆಯ ಮುಂದೆ ಕುಳಿತರು. ಉಪ್ಪು, ಚಟ್ನಿ, ಪಲ್ಯ ಬಡಿಸಿ, ಅತ್ತೆ ಪದ್ಧತಿಯಂತೆ ಅನ್ನದ ಪಾತ್ರೆ ಎತ್ತಿಕೊಂಡು ಬಂದು ಬಗ್ಗಿದರು. ಮಾವನವರು ಎಲೆಯ ನಡುವೆ ಅಂಗೈ ಅಡ್ಡ ಇಟ್ಟರು.

"ಇಲ್ಲೆ ಅಲ್ಲ. ಅನ್ನಾ ಆ ಮೂಲ್ಯಾಗ ಹಾಕು," ಅಂದರು. ಅತ್ತೆಯ ಮುಖ ನೋಡದೆ, ಎಲೆಯನ್ನೇ ನೋಡುತ್ತ, "ಈ ಮುದಿ ಕುದರಿಗೂ ನಡುವ ಕಾಳ ಬಡಸು."